ಕಾರಣದ ಕಾಲಂ

ತಿಂಗಳಿಗೊಮ್ಮೆ ಟ್ಯಾಂಕಿನ ಹೊಟ್ಟೆಗಿಳಿದು
ತೆಂಗಿನ ನಾರಲ್ಲಿ ಪಾಚಿ ಉಜ್ಜಿದವನು ನಾನು,
ಹನ್ನೊಂದು ವರ್ಷ.
ಮೊಣಕೈವರೆಗೆ ಹಸಿರು, ಉಗುರ ಸಂದಿಗೆ ಹಸಿರು.
ಉಂಡೇಳುವ ತನಕ ಹೆಂಡತಿ
ನನ್ನ ಕೈ ನೋಡುತ್ತಿರಲಿಲ್ಲ.

ಈಗ ಹಾಸನದಿಂದ ಬಂದ ಶಬೀನಾ ಮೇಡಂ
ರೂಪಾಯಿಯಗಲದ ಗಾಜಿನ ಬಿಲ್ಲೆ ಎತ್ತಿ ಹಿಡಿದು
'ಇದರೊಳಗಿರೋದೂ ಪಾಚೀನೇ, ಜವರಣ್ಣ' ಅಂದರು.
'ಜೀವ ಇದೆ. ನೀರು ನೆಟ್ಟಗಿದ್ದರೆ ಸಣ್ಣಗೆ ಮಿನುಗುತ್ತೆ,
ನಮ್ಮ ಕಣ್ಣಿಗೆ ಕಾಣಲ್ಲ, ಈ ಡಬ್ಬಿಗೆ ಕಾಣುತ್ತೆ.
ವಿಷ ಸೋಕಿದರೆ ಮಂಕಾಗುತ್ತೆ.
ಆಗ ನಿಮ್ಮ ಫೋನು ಕೂಗುತ್ತೆ.'

ನಗು ಬಂತು.
ನಮ್ಮಜ್ಜಿ ಸೇದೋ ಬಾವಿಗೆ ಎರಡು ಮೀನು ಬಿಟ್ಟಿದ್ದಳು.
ಬೆಳಗ್ಗೆ ಬಗ್ಗಿ ನೋಡಿ, ಅವು ಬಾಲ ಆಡಿಸಿದರಷ್ಟೇ
ಬಿಂದಿಗೆ ಇಳಿಸುತ್ತಿದ್ದಳು.
ಆ ಮೀನಿಗೆ ಸಂಬಳವಿರಲಿಲ್ಲ, ಬ್ಯಾಟರಿ ಇರಲಿಲ್ಲ.

ಆಷಾಢದ ಸೋನೆ. ಮೂರು ದಿನ ಸೂರ್ಯನಿಲ್ಲ.
ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ಇಳಿಯಿತು,
ರಾತ್ರಿ ಹಸಿರಿದ್ದ ಎಲೆ ಬೆಳಗ್ಗೆ ಸುಟ್ಟ ಕಾಗದ.
ಊರಿಗೂರೇ ಬೆನ್ನಿಗೆ ಕ್ಯಾನು ಕಟ್ಟಿಕೊಂಡು
ಔಷಧಿ ಹೊಡೆಯಿತು.
ಔಷಧಿ ಅನ್ನುತ್ತೇವೆ ನಾವು ಅದನ್ನು.

ನಡುರಾತ್ರಿ ದಾಟಿ ಎರಡೂ ಮುಕ್ಕಾಲು. ಫೋನು ಕೂಗಿತು.
ಬ್ಯಾಟರಿ ಹಿಡಿದು ಕೆರೆ ಏರಿ ಮೇಲೆ ಓಡಿದೆ.
ಡಬ್ಬಿಯ ಗೆರೆ
ಕಾಲು ಜಾರಿದ ಕರುವಿನಂತೆ ಕೆಳಗೆ ಬಿದ್ದಿತ್ತು.
ವಾಲ್ವು ಹದಿನೆಂಟು ಸುತ್ತು. ತಿರುಗಿಸಿದೆ.
ಕೊನೆಯ ಸುತ್ತಿಗೆ ಪೈಪು ಒಮ್ಮೆ ಬಿಕ್ಕಿ ಸುಮ್ಮನಾಯಿತು.

ಬೆಳಗಾದರೆ ಬಿಂದಿಗೆಗಳ ಸಾಲು, ಬೈಗುಳದ ಸಾಲು.
ಆಚಾರ್ರ ಮನೆಯಲ್ಲಿ ನಾಮಕರಣ, ಇನ್ನೂರು ಎಲೆ.
'ಲೋ ಜವರ, ಆ ಗೊಡ್ಡು ಡಬ್ಬಿ ಮಾತು ಕೇಳ್ಕೊಂಡು
ಇಡ್ಲಿ ಎಲ್ಲಿ ಬೇಯಿಸ್ಲಿ?' ಹೋಟೆಲಿನ ಕೆಂಪಾಜಮ್ಮ.
ಸಂಜೆವರೆಗೆ ಯಾರಿಗೂ ವಾಂತಿಯಾಗಲಿಲ್ಲ,
ಒಂದು ಕೋಳಿ ಸಾಯಲಿಲ್ಲ.
'ಏನಾಯ್ತೀಗ? ಏನೂ ಆಗ್ಲಿಲ್ವಲ್ಲ!'
ಹೌದು. ಏನೂ ಆಗಲಿಲ್ಲ.
ಆಗದೇ ಹೋದದ್ದಕ್ಕೆ
ಸಾಕ್ಷಿ ಎಲ್ಲಿಂದ ಹಿಡಿದು ತರಲಿ?

ಶಬೀನಾ ಬಂದರು. ಸೀಸೆಗೆ ನೀರು ತುಂಬಿದರು.
ಸೋಪಾನದ ಕಲ್ಲಿನ ಮೇಲೆ ಬಿಳಿ ನೊರೆಯ ಒಣಗಿದ ಬಳೆ,
ಡ್ರಮ್ಮಿನ ತಳದಷ್ಟೇ ದುಂಡಗೆ.
'ಯಾರೋ ಇಲ್ಲಿ ಡ್ರಮ್ಮು ತೊಳೆದಿದ್ದಾರೆ' ಅಂದರು.
ಯಾರೋ. ಅಷ್ಟಕ್ಕೇ ಬಿಟ್ಟರು.

ನನಗಿರುವುದು ಹದಿನಾರು ಗುಂಟೆ.
ಅದಕ್ಕೂ ಅಂಗಮಾರಿ ಬಂದಿತ್ತು.
ಬೀದಿ ನಲ್ಲಿಯ ಕೆಳಗೆ ವಿಷದ ಡ್ರಮ್ಮು ತೊಳೆಯಬಾರದು,
ಮಕ್ಕಳು ಬಾಯಿಟ್ಟು ಕುಡಿಯುತ್ತಾರೆ;
ಅಷ್ಟು ಬುದ್ಧಿ ನನಗಿತ್ತು.
ಅದಕ್ಕೇ ಮುಸ್ಸಂಜೆ ಕೆರೆಗೆ ಒಯ್ದಿದ್ದೆ.

ಮೇಡಂ ಹಳೆಯ ಬಿಲ್ಲೆ ಕಳಚಿ
ಐಸಿನ ಪೆಟ್ಟಿಗೆಯಿಂದ ಹೊಸದೊಂದು ಕೂಡಿಸಿದರು.
ಹಳೆಯದು ನನ್ನ ಅಂಗೈಯಲ್ಲಿ.
ಬಣ್ಣ, ಸೋಸಿ ಬಿಸಾಡಿದ ಟೀ ಪುಡಿ.
ಹನ್ನೊಂದು ವರ್ಷ ಉಜ್ಜಿದರೂ
ತಿಂಗಳು ತುಂಬುವುದರೊಳಗೆ ಮರಳಿ ಬರುತ್ತಿದ್ದದ್ದು
ಒಂದೇ ರಾತ್ರಿಗೆ ಸತ್ತಿತ್ತು.

ಪಂಪ್‌ಹೌಸಿನ ಪುಸ್ತಕ ಬಿಚ್ಚಿದೆ.
ತಾರೀಖು. ಹೊತ್ತು. ವಾಲ್ವು ಬಂದ್. ಕಾರಣ.
ಹಿಂದಿನ ಪುಟಗಳಲ್ಲೆಲ್ಲ ನನ್ನದೇ ಅಕ್ಷರ:
ಕರೆಂಟಿಲ್ಲ. ಮೋಟಾರು ರಿಪೇರಿ. ಕರೆಂಟಿಲ್ಲ.
ಪೆನ್ನು ಗೀರಿದರೆ ಬರೆಯಲಿಲ್ಲ, ಉಸಿರೂದಿದೆ.

ಎರಡು ಬೆರಳಗಲದ ಕಾಲಂ.
ಮೇಲೆ ಅಚ್ಚಾದದ್ದು ಮೂರಕ್ಷರ,
ಕೆಳಗೆ ನಾನು ಬರೆದದ್ದೂ ಮೂರೇ.
ಇನ್ನೂ ಜಾಗ ಮಿಕ್ಕಿತ್ತು.