ವಂತಿಗಿ ಬಾಕಿ

ನಮ್ಮ ಓಣ್ಯಾಗ ಸೋಮವಾರಕ್ಕ ಅಂತ ಒಂದು ದನಿ ಇತ್ತು.
ಹೆಗ್ಗೇರಿಯ ಕೆಳಗಿನ ಓಣಿ, ಬಸವಣ್ಣನ ಗುಡಿ ಕಟ್ಟಿ,
ರಾತ್ರಿ ಎಂಟೂವರಿ, ಹಳದಿ ಬಲ್ಬು,
ಹನ್ನೊಂದು ಮಂದಿ, ಒಂದು ಪೇಟಿ, ಎರಡು ದಮಡಿ,
ಭಜನಿ ಮುಗಿದ ಮ್ಯಾಲ ಶಾಂತವ್ವ ಹಂಚತಿದ್ದ ಚುರುಮರಿ.

ಹಾಜರಿ ಪುಸ್ತಕ ಇನ್ನೂ ನನ್ನ ಹತ್ರನ ಐತಿ.
ವಂತಿಗಿ ಹತ್ತು ರೂಪಾಯಿ. ಬರದವರ ಹೆಸರಿನ ಮುಂದ ಸೊನ್ನಿ.
ಮೊದಲ ಸೊನ್ನಿ ಗುರುಸಿದ್ಧಂದು.
ತಾರಿಹಾಳದ ವಾಲ್ವ್ ಫ್ಯಾಕ್ಟರಿ, ಎಂಟು ತಾಸಿನ ಪಾಳಿ ಹನ್ನೆರಡಾತು,
‘ನಾಕು ತಾಸಿನ ರೊಕ್ಕ ಬ್ಯಾರೇನ ಬರತೈತಲೇ’ ಅಂದ, ಖುಷೀಲೆ.
ಆಮ್ಯಾಲ ಮೌಲಾಸಾಬ. ಅವನ ಗೋದಾಮಿನ್ಯಾಗ
ಪಾರ್ಸಲ್ ಲಾರಿ ಬರೂತನಕ ಯಾರೂ ಮನಿಗೆ ಹೋಗೂ ಹಂಗಿಲ್ಲ,
ಲಾರಿಗೆ ಗಡಿಯಾರ ಇಲ್ಲ.
ಆಮ್ಯಾಲ ಔಷಧ ಅಂಗಡಿ ಈರಯ್ಯ.
ಆಮ್ಯಾಲ ನಾನು.

ನಂದು ಕೊಪ್ಪೀಕರ ರೋಡಿನ ಸೀರಿ ಅಂಗಡಿ.
ಒಂಬತ್ತೂವರಿಗೆ ನಿಂತರ ರಾತ್ರಿ ಒಂಬತ್ತೂವರಿತನಕ ನಿಂತಾಂವ.
ಗಿರಾಕಿ ಇಲ್ಲದಾಗೂ ಕೂಡೂ ಹಂಗಿಲ್ಲ,
ಕೂತವರನ್ನ ಕ್ಯಾಮೆರಾ ನೋಡತೈತಿ.
ಬಾಗಲದಾಗ ಇಳಕಲ್ಲ ಸೀರಿ ಉಟ್ಟ ಬೊಂಬಿ,
ಅದೂ ನಿಂತೈತಿ.
ಆದರ ಅದಕ್ಕ ಓಟಿ ಕೊಡೂದಿಲ್ಲ, ನನಗ ಕೊಡತಾರ.

ಓಟಿ ರೊಕ್ಕ ತಿಂಗಳಿಗೆ ಮೂರು ಸಾವಿರದ ಆರನೂರು.
ಅದರಾಗ ಕಾಲಿನ ನರಕ್ಕ ಗುಳಿಗಿ, ಮೊಳಕಾಲ ಮಟಾ ಬಿಗಿ ಸಾಕ್ಸು,
ಕಡೀ ಬಸ್ಸು ತಪ್ಪಿದ ರಾತ್ರಿಗಳ ಆಟೋ,
ಮತ್ತ ಮಗಳ ಟ್ಯೂಷನ್ನು. ಗಣಿತ.
ಮೊದಲು ಅದನ್ನ ನಾನ ಹೇಳಿಕೊಡತಿದ್ದೆ.
ಕಳದರ ಉಳಿಯೂದು ನಾಕನೂರಾ ಹತ್ತು.
ಕಸ್ತೂರಿ ಬೆರಳ ಮಡಿಚಿ ಲೆಕ್ಕಾ ಹಾಕಿದ್ಲು:
‘ನೂರಾ ನಾಕು ತಾಸು ಮಾರಿಕೊಂಡು ಇಷ್ಟು ತಂದೀಯೇನು?
ತಾಸಿಗೆ ನಾಕು ರೂಪಾಯಿ ಬೀಳಲಿಲ್ಲ.
ಒಂದು ಮಿರ್ಚಿ ಬರೂದಿಲ್ಲ ಅದಕ್ಕ.’
ನಾ ನಗಾಕ ಹೋದೆ, ಆಕಿ ನಗಲಿಲ್ಲ.

ಟ್ಯೂಷನ್ನು ಬೆಳಗ್ಗೆ ಆರಕ್ಕ, ಅಲ್ಲಿಂದನ ಸಾಲಿ.
ರಾತ್ರಿ ನಾ ಬರೂದರಾಗ ಆಕಿಗೆ ನಿದ್ದಿ.
‘ನನ್ನ ಅಪ್ಪ’ ಅಂತ ಚಿತ್ರಾ ತಗೀರಿ ಅಂದ್ರ ಪ್ರಾಪ್ತಿ
ಚಾದರದಿಂದ ಹೊರಗ ಬಂದ ಎರಡು ಕಾಲು ತಗದಾಳ.
‘ಆರಾಮಿಲ್ಲೇನು ಅವರಿಗೆ?’ ಬಾಯಾರು ಕೇಳಿದ್ರಂತ.
‘ಇಲ್ರಿ, ಅಪ್ಪ ಇರೂದ ಹಂಗ.’

ಹೋದ ಸೋಮವಾರ ಅಂಗಡಿ ಎದುರಿನ ಟಿಸಿ ಸುಟ್ಟು
ನಾಕಕ್ಕನ ಶಟರ್ ಇಳೀತು.
ಹಗಲಿನ್ಯಾಗ ಮನಿ ಹೊಕ್ಕ ನನ್ನ ಕಂಡು ಮಗಳು ಹೆದರಿದ್ಲು:
‘ಏನಾತು?’
ಏನೂ ಆಗಿಲ್ಲ ಅನ್ನೂದನ್ನ ಹೆಂಗ ಹೇಳಬೇಕೋ ತಿಳೀಲಿಲ್ಲ,
ಅಟ್ಟದ ಮ್ಯಾಲಿನ ಪೇಟಿ ಇಳಿಸಿ ಕಟ್ಟಿಗೆ ತಂದೆ.
ತಿದಿ ಒಂದು ಮೂಲ್ಯಾಗ ಹರಿದಿತ್ತು.
ಪಂಚಮದ ಮನಿ ಒತ್ತಿದ್ದ ತಡ, ಕುಂತಬಿಡ್ತು,
ಎಬ್ಬಿಸಿದರ ಏಳವಲ್ಲದು.
ಖರೇ ಹೇಳತೀನಿ, ಹೊಟ್ಟಿಕಿಚ್ಚಾತು ಅದರ ಮ್ಯಾಲ.
ತಿದಿ ಹೊಡದಷ್ಟೂ ಅದೊಂದ ಸ್ವರ,
ಉದ್ದಕ, ಓಣಿ ತುಂಬ.

ಎದುರು ಮನಿ ಬಾಗಲಾ ದಡ್ ಅಂತ ತೆರೀತು.
ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗುರುಸಿದ್ಧ,
ಅಂಗಿ ಗುಂಡಿ ಹಾಕ್ಕೋತ, ಒಂದು ಬೂಟು ಕಾಲಾಗ, ಒಂದು ಕೈಯಾಗ:
‘ಸೈರನ್ ಆತೇನೋ?’

ಪೇಟಿ ನೋಡಿದ. ನನ್ನ ನೋಡಿದ.
ಮಾತಾಡಲಿಲ್ಲ, ಬಂದು ಕಟ್ಟಿ ಮ್ಯಾಲ ಕುಂತ.
ಮೊದಲ ಸಾಲು ಇಬ್ಬರಿಗೂ ಬಂತು.
ಎರಡನೇದಕ್ಕ ನಾ ಅವನ ಮಾರಿ ನೋಡಿದೆ, ಅಂವ ನನ್ನ ಮಾರಿ.
ಅದ ಮೊದಲನೇದನ್ನ ಮತ್ತ ಅಂದ್ವಿ.
ಬೂಟಿನ ತಳಾ ತೊಡಿಗೆ ಬಡದು ತಾಳ ಹಾಕಿದ,
ಲಯ ಮಾತ್ರ ತಪ್ಪಲಿಲ್ಲ ಮಗಾ.

ಪುಸ್ತಕದಾಗ ಬರದೀನಿ:
ಹಾಜರಿ ಎರಡು. ವಂತಿಗಿ ಬಾಕಿ.