ಒಂದು ಹಾಡಿಗೆ ಎಷ್ಟು

ರೂವಿಯ ಇಗರ್ಜಿಯಲ್ಲಿ ಈ ಶುಕ್ರವಾರ ಎ.ಸಿ. ಕೆಟ್ಟಿತ್ತು.
ಹನ್ನೊಂದು ಮಕ್ಕಳು, ಒಂಬತ್ತೇ ಬಿಳಿ ಅಂಗಿ,
ಉಳಿದಿಬ್ಬರು ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದರು.
ಕೀಬೋರ್ಡಿನ ಮೇಲೆ ನನ್ನ ಬೆರಳು,
ವಾರವಿಡೀ ಟೈರು ಬಿಚ್ಚಿದ ಕಪ್ಪು ಉಗುರು.

ಸಾರುವೆಯಿಂದ ಬಿದ್ದ ಸಾಬಣ್ಣನ ಬೆನ್ನಿಗೆ
ಇನ್ನೂ ನಾನೂರು ರಿಯಾಲು ಬೇಕು.
"ಅಂಕಲ್, ಒಂದು ಹಾಡಿಗೆ ಎಷ್ಟು?" ಜೆಮೈಮಾ ಕೇಳಿದಳು.
ಶ್ರುತಿ ಹುಡುಕುವವನಂತೆ ತಲೆ ತಗ್ಗಿಸಿದೆ.

ದನಿ ಒಡೆದ ಏರನ್‌ಗೆ ಈ ಸಲ ಹಾಡಿಲ್ಲ,
ಕೈಗೆ ಹಾಲುಪುಡಿಯ ಡಬ್ಬಿ ಕೊಟ್ಟಿದ್ದೆವು.
ಬೆಂಚಿನಿಂದ ಬೆಂಚಿಗೆ ಹೋದ, ಕಿವಿ ಕೆಂಪಗೆ.
ನೋಟು ಬಿದ್ದರೆ ಸದ್ದಿಲ್ಲ,
ನಾಣ್ಯ ಬಿದ್ದರೆ ನನ್ನ ತಾಳ ತಪ್ಪುತ್ತದೆ.

ಮೂರನೇ ಚರಣದಲ್ಲಿ ಚಿಕ್ಕವರು ಸಾಲು ಮರೆತರು.
ಬೀಸಣಿಗೆ ಮಾಡಿಕೊಂಡ ಹಾಳೆಗಳೂ ನಿಂತವು.
ಆಗ ಬಾಗಿಲ ಬಳಿಯಿಂದ
ಅರ್ಧ ಹುಡುಗನದು, ಅರ್ಧ ಗಂಡಸಿನದು,
ಗರಗಸದಂಥ ಒಂದು ದನಿ
ಬಿದ್ದ ಸಾಲನ್ನು ಎತ್ತಿಕೊಟ್ಟಿತು,
ಶ್ರುತಿಯ ಗೊಡವೆಯಿಲ್ಲದೆ.
ಹತ್ತು ಬಾಯಿ ಅದರ ಹಿಂದೆ ಓಡಿದವು.

ರಾತ್ರಿ ಎಣಿಸಿದೆವು:
ನೂರಾ ಅರವತ್ತೆರಡು ರಿಯಾಲು, ಒಂದಿಷ್ಟು ಬೈಸಾ,
ತಳದಲ್ಲಿ ಒಂದು ಅಂಗಿಯ ಗುಂಡಿ.
ಏರನ್ ತನ್ನ ತೋಳು ಮಡಚಿಕೊಂಡ.
ಗುಂಡಿಗೆಷ್ಟು ಎಂದು ಜೆಮೈಮಾ ಕೇಳುವ ಮೊದಲೇ
ಡಬ್ಬಿ ಮುಚ್ಚಿದೆ.