ತೋರುಬೆರಳು

ನನ್ನ ರಿಜಿಸ್ಟರಿನಲ್ಲಿ ತೌಸೀಫ ಹಸಿರು ಗೆರೆಯ ಮೇಲಿದ್ದ.
ತೂಕ ಹನ್ನೆರಡು ಕೆಜಿ ಎಂಟುನೂರು, ಎತ್ತರ ಸರಿ,
ಚುಚ್ಚುಮದ್ದು ಎಲ್ಲ ಆಗಿದೆ,
ಮೊಟ್ಟೆ ಕೊಟ್ಟರೆ ಬಿಳಿಯದಷ್ಟೇ ತಿನ್ನುತ್ತಾನೆ.
ಇಷ್ಟು ಬರೆಯಲು ಜಾಗವಿತ್ತು.

ಜಾಗವಿಲ್ಲದ್ದು ಇದು:
ಹೆಸರು ಕೂಗಿದರೆ ತಿರುಗುವುದಿಲ್ಲ.
ತೌಸೀಫ, ತೌಸೀಫಾ, ತೌಸೀ...
ಗೋಡೆಗೆಸೆದ ಹಸಿಮಣ್ಣಿನಂತೆ ಹೆಸರು ಅಲ್ಲೇ ಅಂಟಿಕೊಳ್ಳುತ್ತದೆ.
ಆದರೆ ಮೂರು ಓಣಿ ಆಚೆ
ಭಟ್ಟಿಯ ಕಾದ ಮರಳಿಗೆ ಅಕ್ಕಿ ಬಿದ್ದು
ಮಂಡಕ್ಕಿ ಅರಳುವ ಚಟಚಟ
ನಮಗ್ಯಾರಿಗೂ ಕೇಳುವ ಮುಂಚೆ ಅವನಿಗೆ ಕೇಳುತ್ತದೆ,
ಎರಡೂ ಕಿವಿ ಮುಚ್ಚಿ ಚಾಪೆಯ ಅಂಚಿಗೆ ಸರಿಯುತ್ತಾನೆ.

ಅವನಪ್ಪ ಆ ಭಟ್ಟಿಯಲ್ಲೇ ಜರಡಿ ಹಿಡಿಯುವವನು.

ನನಗೆ ನಾನೇ ಸಮಾಧಾನ ಹೇಳಿಕೊಂಡೆ:
ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ,
ಎರಡರ ನಡುವೆ ನಾಲಿಗೆ ದಾರಿ ಹುಡುಕುತ್ತಿರಬೇಕು.
ಅಜ್ಜಿ ಬೀಬಿಜಾನ್ ಅಂದಳು,
"ಇವನ ಚಿಕ್ಕಪ್ಪ ಐದು ವರ್ಷ ತುಟಿ ಬಿಚ್ಚಿರಲಿಲ್ಲ,
ಈಗ ಹೊಂಡದ ಸರ್ಕಲ್ಲಿನಲ್ಲಿ ಕೂಗಿ ಕೂಗಿ ಹಣ್ಣು ಮಾರ್ತಾನೆ."
ಇಬ್ಬರೂ ನಕ್ಕೆವು.
ನಕ್ಕದ್ದು ಶ್ರಾವಣದಲ್ಲಿ. ದೀಪಾವಳಿ ಬಂತು.

ಒಂದು ಮಧ್ಯಾಹ್ನ ಕಾಂಪೌಂಡ್ ಗೋಡೆಗೆ ಮಂಗ ಬಂತು.
ಹದಿನೇಳು ಮಕ್ಕಳು, ಹದಿನೇಳು ತೋರುಬೆರಳು,
"ಟೀಚ್ರೇ ಅಲ್ಲಿ, ಅಲ್ಲಲ್ಲಿ!"
ಮಂಗವನ್ನೊಮ್ಮೆ ನೋಡಿ,
ಟೀಚರ್ ನೋಡಿದರಾ ಎಂದು ನನ್ನ ಮುಖವನ್ನೊಮ್ಮೆ ನೋಡಿ.
ತೌಸೀಫನೂ ನೋಡುತ್ತಿದ್ದ. ಬಾಲ ತೂಗುವುದನ್ನೇ.
ಆ ನೋಟ ನನ್ನ ಕಡೆ ತಿರುಗಲೇ ಇಲ್ಲ.

ನೀರಡಿಸಿದರೆ ನನ್ನ ಮಣಿಕಟ್ಟು ಹಿಡಿದು
ಕೊಡದವರೆಗೆ ಒಯ್ಯುತ್ತಾನೆ, ಕೈಯನ್ನು ಲೋಟದ ಮೇಲಿಡುತ್ತಾನೆ.
ಆ ಕೈಯ ಹಿಂದೆ ನಾನೊಬ್ಬಳಿದ್ದೇನೆ ಎಂಬುದು
ಅವನಿಗೆ ಗೊತ್ತೋ ಇಲ್ಲವೋ.
ಅಂದು ಅಕ್ಕಿ ಅಳೆಯುವಾಗ ಎರಡು ಸಲ ಲೆಕ್ಕ ತಪ್ಪಿದೆ.

ಶಾಹಿಸ್ತಾಳಿಗೆ ಹೇಗೆ ಹೇಳಲಿ?
ಓಣಿ ಆಗಲೇ ಅವಳತ್ತ ಬೆರಳು ತೋರಿಸಿಯಾಗಿತ್ತು:
ಮೊಬೈಲು ಕೊಟ್ಟು ಕೆಡಿಸಿದಳು,
ಬಸುರಿಯಲ್ಲಿ ಗ್ರಹಣ ನೋಡಿದಳು,
ಬೀಡಿ ಕಟ್ಟುತ್ತಾ ಕೂರುತ್ತಾಳೆ, ಮಗುವಿನ ಕೂಡ ಮಾತೆಲ್ಲಿ?
ಬೆರಳು ತೋರಿಸದವನು ಇಡೀ ಓಣಿಗೆ ಅವನೊಬ್ಬನೇ.

ಜಿಲ್ಲಾಸ್ಪತ್ರೆಯಲ್ಲಿ ಮೊದಲು ಕಿವಿ.
ನಿದ್ದೆಯ ಸಿರಪ್ ಕುಡಿಸಿ ತಲೆಗೆ ವೈರು ಅಂಟಿಸಿದರು.
ಕಿವಿ ಚೊಕ್ಕ ಇದೆ ಎಂದಾಗಲೇ ಶಾಹಿಸ್ತಾ ಅತ್ತದ್ದು:
"ಕಿವುಡು ಅಂದಿದ್ರೆ ಮಷೀನಾದರೂ ಸಿಗ್ತಿತ್ತು ಟೀಚ್ರೇ."

ಆಮೇಲೆ ಮೇಲಿನ ಮಹಡಿ. ಡಾಕ್ಟರಮ್ಮ ನೆಲಕ್ಕೆ ಕೂತು
ಸೋಪಿನ ಗುಳ್ಳೆ ಊದಿದರು. ನಿಲ್ಲಿಸಿದರು. ಕಾದರು,
ಇನ್ನೊಂದು ಎಂದು ಮುಖ ನೋಡುತ್ತಾನೇನೋ ಎಂದು.
ಅವನು ಅವರ ಕೈ ಹಿಡಿದು ಡಬ್ಬಿಗೆ ಮುಟ್ಟಿಸಿದ.
ಒಂದು ತಾಸು ಹೀಗೇ. ಕೊನೆಗೆ ನನ್ನ ಕಡೆ ತಿರುಗಿ,
"ನಿಮಗೆ ಯಾವಾಗ ಅನ್ನಿಸಿತು?"
ಶ್ರಾವಣ ಎನ್ನಲು ಬಾಯಿ ಬರಲಿಲ್ಲ.

ಆಟಿಸಂ, ಎಂದರು.
"ಆಟದ ಕಾಯಿಲೆನಾ?" ಬೀಬಿಜಾನ್ ಕೇಳಿದಳು, "ಆಡಿದರೆ ಹೋಗುತ್ತಾ?"
ಡಾಕ್ಟರಮ್ಮ ನಗಲಿಲ್ಲ.
"ಕಾಯಿಲೆಯಲ್ಲ ಅಜ್ಜಿ, ಹೋಗುವಂಥದ್ದೂ ಅಲ್ಲ.
ಆದರೆ ಆಡಿ. ಅವನ ಆಟವನ್ನೇ, ಅವನ ಜತೆ ಕೂತು, ದಿನಾ."

ಈಗ ರಿಜಿಸ್ಟರಿನ ಕೊನೆಯ ಪುಟದ ಬೆನ್ನಿಗೆ
ಪೆನ್ಸಿಲಿನಲ್ಲಿ ಮೂರು ಕಾಲಂ ಎಳೆದಿದ್ದೇನೆ:
ಹೆಸರಿಗೆ ತಿರುಗಿತೇ. ತೋರಿಸಿತೇ.
ತೋರಿಸಿ ನನ್ನ ಮುಖ ನೋಡಿತೇ.
ಸೂಪರ್‌ವೈಸರ್ ಬಂದರೆ ಮುಚ್ಚಿಡುತ್ತೇನೆ.

ಹಂಸಿಕಾಳಿಗೆ ಒಂದೂವರೆ ವರ್ಷ.
ಗಲಾಟೆಯಿಲ್ಲದ ಜಾಣೆ ಎಂದು ಎಲ್ಲರೂ ಹೊಗಳುತ್ತಾರೆ.
ಮೂರೂ ಕಾಲಂ ಖಾಲಿ, ಮೂರು ವಾರದಿಂದ.
ಏನೂ ಅಲ್ಲದೆಯೂ ಇರಬಹುದು.
ಬಾಗಿಲಲ್ಲಿ ಏನೆನ್ನಬೇಕೋ ಇನ್ನೂ ಗೊತ್ತಿಲ್ಲ,
ಚಪ್ಪಲಿ ಮೆಟ್ಟಿಯಾಗಿದೆ.